ಹಲಗಿ ಬಾರಿಸಲು ಪುಣೆಗೆ

ಜುಲೈ ತಿಂಗಳ ಒಂದು ಶುಕ್ರವಾರ ಬೆಳಗಿನ ಐದೂವರೆಗೆ ನಮ್ಮ ಹಳ್ಳಿಯ ಮೊದಲ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಫೋನು, ಫೋನನ್ನು ಪರದೆಗೆ ಜೋಡಿಸುವ ತಂತಿ, ಹತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಇಸ್ತ್ರಿ ಮಾಡಿದ ಇಳಕಲ್ ಸೀರೆ ಇದ್ದವು. ಬೆಳಗಾವಿಯ ತನಕ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್ಟು. ಅಲ್ಲಿಂದ ಪುಣೆಗೆ ಮುನ್ನೂರ ನಲವತ್ತು ಕಿಲೋಮೀಟರ್. ಗಡಿ ದಾಟುವ ಬಸ್ಸಾದ್ದರಿಂದ ಐನೂರರ ಮೇಲೆ ಕೊಡಬೇಕಾಯಿತು. ಕೊಟ್ಟೆ. ಸರಕಾರಿ ಕೆಲಸವೇನೂ ಅಲ್ಲ, ನನ್ನದೇ ಚಟ.

ಚಟ ಏನೆಂದು ಹೇಳಿಬಿಡುತ್ತೇನೆ. ಬೈಲಹೊಂಗಲದ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಯ ಟೀಚರು. ಮೂರು ವರ್ಷದಿಂದ ಒಂದು ಬ್ಲಾಗ್ ಬರೆಯುತ್ತಿದ್ದೇನೆ. ತರಗತಿಯಲ್ಲಿ ಫೋನು, ಹಳೆಯ ಪ್ರೊಜೆಕ್ಟರು ಇಟ್ಟುಕೊಂಡು ಏನೇನು ಮಾಡಿದೆ, ಏನೇನು ಕೆಟ್ಟಿತು ಎಂಬುದೆಲ್ಲ ಅದರಲ್ಲಿದೆ. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತಾರೆ, ಬರೆಯುವ ಬೋರ್ಡಿಗೆ ಹಲಗಿ ಅನ್ನುತ್ತಾರೆ. ಹಾಗಾಗಿ ಬ್ಲಾಗಿನ ಹೆಸರು 'ಅಕ್ಕೋರ ಹಲಗಿ'. ಹೋಳಿಯಲ್ಲಿ ಬಾರಿಸುವ ಚರ್ಮವಾದ್ಯಕ್ಕೂ ನಮ್ಮಲ್ಲಿ ಹಲಗಿ ಅಂತಲೇ ಹೆಸರು. ಹೆಸರಿಟ್ಟ ದಿನವೇ ಊರಿನವರು, ಹೋಳಿಗೆ ನೀವೂ ಬರ್ರಿ ಅಕ್ಕೋರ, ಅಂತ ಕಾಡಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಆ ನಗೆ ನನಗೇ ತಿರುಗಿ ಬಂದ ಕಥೆ ಇದು.

ಇಂಥ ಬ್ಲಾಗ್ ಬರೆಯುವ ಶಿಕ್ಷಕರದೊಂದು ಕೂಟ ಪುಣೆಯಲ್ಲಿ ಶನಿವಾರ ನಡೆಯುವುದಿತ್ತು. ಬರುವವರೆಲ್ಲ ಮರಾಠಿಯವರು, ಕನ್ನಡದಿಂದ ನಾನೊಬ್ಬಳೇ. ಹನ್ನೊಂದು ಗಂಟೆಗೆ ಇಪ್ಪತ್ತು ನಿಮಿಷದ ಪಾಠ ತೋರಿಸಬೇಕೆಂದು ಫೋನಿನಲ್ಲಿ ಒಪ್ಪಂದವಾಗಿತ್ತು. ಶನಿವಾರ ನಮ್ಮದು ಮುಂಜಾನೆಯ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಅಷ್ಟರೊಳಗೆ ನನ್ನ ಇಪ್ಪತ್ಮೂರು ಮಕ್ಕಳು ಫೋನಿನ ಆ ತುದಿಯಿಂದ ಪುಣೆಯ ಸಭೆಯ ಜೊತೆ ಮಾತಾಡುವುದು, ಪಾಠವನ್ನು ಅವರೇ ನಡೆಸುವುದು ಎಂದು ಗೊತ್ತುಮಾಡಿದ್ದೆವು. ನಮ್ಮ ದನಿ ಪುಣಾದಾಗ ಕೇಳಸ್ತೀರಿಲ್ಲರಿ, ಅಂತ ಮಕ್ಕಳು ನನ್ನ ಕೈಮೇಲೆ ಕೈ ಬಡಿದು ಮಾತು ತೆಗೆದುಕೊಂಡಿದ್ದರು. ಹೆಡ್ ಮಾಸ್ತರರು ಮಾತ್ರ, ಬ್ಲಾಗ್ ಬರೆದರೆ ಬಡ್ತಿ ಸಿಗುತ್ತದೇನು, ಎಂದು ಕೇಳಿ ರಜೆಯ ಅರ್ಜಿಗೆ ಸಹಿ ಹಾಕಿದ್ದರು.

ಬೆಳಗಾವಿ ಬಿಟ್ಟಾಗ ಏಳೂವರೆ. ಪಕ್ಕದ ಸೀಟಿನಲ್ಲಿ ಪುಣೆಯಲ್ಲಿ ಕಾಳುಕಡಿ ಅಂಗಡಿ ಇಟ್ಟಿರುವ ಗೋಕಾಕದ ಹಿರಿಯರೊಬ್ಬರು ಕೂತಿದ್ದರು. ನಿಪ್ಪಾಣಿಯಲ್ಲಿ ನನ್ನ ರೊಟ್ಟಿಯ ಗಂಟು ಬಿಚ್ಚಿತು, ಅವರ ಮಾತಿನ ಗಂಟೂ ಬಿಚ್ಚಿತು. ಫೋನಿನಾಗ ಎಂಥಾ ಪಾಠ ಅಂತ ಕೇಳಿದರು. ಹೇಳಿದೆ.

ನಮ್ಮ ತರಗತಿಯಲ್ಲಿ ಸಾವಕ್ಕ ಅಂತ ಒಬ್ಬ ಹುಡುಗಿ. ಈ ಮಕ್ಕಳಿಗೆ ಹೋದ ವರ್ಷವೂ ನಾನೇ ಟೀಚರು. ಮೂರನೇ ತರಗತಿಯ ದಸರಾ ರಜೆಯವರೆಗೂ ಬಾಯಿ ತೆರೆದವಳಲ್ಲ. ತೆರೆದಾಗೆಲ್ಲ ಯಾರಾದರೊಬ್ಬರು, ಹಂಗನಬಾರದು, ಹೀಗನ್ನಬೇಕು, ಎಂದು ತಿದ್ದಿರುತ್ತಿದ್ದರು. ಆ ಯಾರಾದರೊಬ್ಬರಲ್ಲಿ ನಾನೂ ಇದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ದಿನ, ಮಾತಾಡಿದ್ದನ್ನು ತಾನೇ ಬರೆಯುವ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ, ಎಲ್ಲರೂ ಒಂದೊಂದು ಸುದ್ದಿ ಹೇಳಿ ಅಂದೆ. ಸಾವಕ್ಕ ಮೆಲ್ಲಗೆ, "ನಮ್ಮ ಎಮ್ಮಿ ಈದೈತಿ" ಅಂದಳು. ಫೋನು ಗೋಡೆಯ ಮೇಲೆ, 'ನಮ್ಮ ಹೆಮ್ಮೆ ಇದೆ' ಎಂದು ಬರೆಯಿತು. ಎಮ್ಮೆ ಕರು ಹಾಕಿದ ಸುದ್ದಿಗೆ ಇದೇನು! ಮಕ್ಕಳೆಲ್ಲ ನಗುವಾಗ ಸಾವಕ್ಕ ನಗಲಿಲ್ಲ. ಎದ್ದು ಬಂದು ಸೀಮೆಸುಣ್ಣ ತಗೊಂಡು, ತಾನು ಹೇಳಿದ್ದನ್ನು ದಪ್ಪಕ್ಷರದಲ್ಲಿ ಹಲಗಿಯ ಮೇಲೆ ಬರೆದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಫೋನಿಗೆ ಕನ್ನಡ ಬರೂದಿಲ್ಲರಿ ಅಕ್ಕೋರ. ಅದಕ್ಕ ನಾವs ಕಲಸಬೇಕು."

ಅಂದಿನಿಂದ ಫೋನು ನಮ್ಮ ತರಗತಿಯ ಇಪ್ಪತ್ನಾಲ್ಕನೇ ವಿದ್ಯಾರ್ಥಿ. ಹಾಜರಿ ಕರೆಯುವಾಗ ಅದಕ್ಕೂ ಒಂದು ನಂಬರು. ಮಕ್ಕಳು ಮಾತಾಡುತ್ತಾರೆ, ಅದು ತಪ್ಪು ಬರೆಯುತ್ತದೆ, ಮಕ್ಕಳು ತಪ್ಪು ಹುಡುಕಿ ಬೆಂಚು ಗುದ್ದಿ, ಎದ್ದು ಬಂದು ತಿದ್ದುತ್ತಾರೆ. ತಮ್ಮ ಮನೆಯ ಮಾತು ಹೀಗೆ, ಪುಸ್ತಕದ ಮಾತು ಹೀಗೆ, ಎರಡಕ್ಕೂ ಕಾಗುಣಿತ ಹೀಗೆ ಎಂದು ಒಂದಕ್ಕೆ ಎರಡು ಕಲಿಯುತ್ತಾರೆ. ಆರು ತಿಂಗಳಲ್ಲಿ ಶುದ್ಧಬರಹ ಬಾರದವರು ಒಬ್ಬರೂ ಉಳಿಯಲಿಲ್ಲ. ಕೈಯಲ್ಲಿ ಕೆಂಪು ಪೆನ್ನು ಇದ್ದರೆ ಯಾರಿಗೆ ಉಮೇದು ಬರುವುದಿಲ್ಲ?

ಗೋಕಾಕದವರು ರೊಟ್ಟಿ ಮುರಿಯುತ್ತ ಎಲ್ಲ ಕೇಳಿಸಿಕೊಂಡರು. ತಮ್ಮ ಮೊಮ್ಮಗಳು ಮನೆಯಲ್ಲಿ ಕನ್ನಡ ಆಡುವುದಿಲ್ಲ, ತಪ್ಪಾದೀತು ಅಂತ ಹೆದರುತ್ತಾಳೆ ಎಂದರು. ಬ್ಲಾಗಿನ ಹೆಸರು ಒಂದು ಚೀಟಿಯಲ್ಲಿ ಬರೆಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಕೊಲ್ಹಾಪುರ ದಾಟಿ ಕರಾಡದಲ್ಲಿ ಚಹಾಕ್ಕೆ ನಿಂತಾಗ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಸಾತಾರೆಯ ನಂತರ ಸಣ್ಣ ಮಳೆ ಹಿಡಿಯಿತು. ಗುಡ್ಡಗಳು ಕಣ್ಣು ತಂಪಾಗುವಷ್ಟು ಹಸಿರಾಗಿದ್ದವು. ಮಧ್ಯಾಹ್ನ ಮೂರೂವರೆಗೆ ಪುಣೆಯ ಬಾಗಿಲಲ್ಲಿರುವ ಕಾತ್ರಜದಲ್ಲಿ ಇಳಿದೆ.

ವಿಜಯಾ ವೈನಿ ಛತ್ರಿ ಹಿಡಿದು ನಿಂತಿದ್ದರು. ವೈನಿ ಎಂದರೆ ನಮ್ಮ ದೊಡ್ಡಪ್ಪನ ಮಗ ಪ್ರಕಾಶಣ್ಣನ ಹೆಂಡತಿ, ಧಾರವಾಡದ ಕಡೆಯವರು. ಅಣ್ಣ ಇಲ್ಲಿ ವಿಮಾ ಕಚೇರಿಯೊಂದರಲ್ಲಿದ್ದಾನೆ. ಅವರ ಮನೆ ಧನಕವಡಿಯಲ್ಲಿ ಮೂರನೇ ಮಹಡಿ. ಕೆಳಗೆ ಝೆರಾಕ್ಸ್ ಅಂಗಡಿ, ಎದುರಿಗೆ ಹುಡುಗಿಯರ ಹಾಸ್ಟೆಲ್ಲು. ವೈನಿ ತರಕಾರಿಯವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಲೇ ನನ್ನ ಜೊತೆ ಕನ್ನಡದಲ್ಲಿ ಊರಿನ ಸುದ್ದಿ ಕೇಳಿದರು. ಎರಡರಲ್ಲೂ ಗೆದ್ದರು.

ಸಂಜೆ ಆರಕ್ಕೆ ಫೋನಿಗೆ ಕಾರ್ಯಕ್ರಮದ ಪಟ್ಟಿ ಬಂತು. ಬೇಳೆ ಹಾಕಿದ ಮೆಂತೆಪಲ್ಯ ತಿನ್ನುತ್ತ ತೆರೆದೆ. ಪಾಠ ತೋರಿಸುವವರ ಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ಬೇರೆ ಯಾರದೋ ಹೆಸರಿತ್ತು. ಕೆಳಗೆ ನೋಡಿದೆ, ಇಲ್ಲ. ಮೇಲೆ ನೋಡಿದೆ. ಉದ್ಘಾಟನೆಯ ಸಾಂಸ್ಕೃತಿಕ ಭಾಗದಲ್ಲಿ, ಸ್ವಾಗತಗೀತೆಯ ಕೆಳಗೆ, ಮರಾಠಿಯಲ್ಲಿ ಬರೆದಿತ್ತು: ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಬೆಳಗಾವಿಯ ಗಿರಿಜಾತಾಈ ಅವರ ಹಲಗಿ. ಐದು ನಿಮಿಷ.

ಗಿರಿಜಾತಾಈ ಎಂದರೆ ಗಿರಿಜಕ್ಕ, ಅಂದರೆ ನಾನು. ಉಳಿದದ್ದು ಅರ್ಥವಾಗಲು ಎರಡು ತುತ್ತು ಬೇಕಾಯಿತು. ಕೂಟದವರ ಮರಾಠಿ ಅರ್ಜಿಯನ್ನು ನನ್ನ ಪರವಾಗಿ ತುಂಬಿದವನು ಪ್ರಕಾಶಣ್ಣ. ವಿಷಯ ಎಂಬ ಮನೆಯಲ್ಲಿ 'ಅಕ್ಕೋರ ಹಲಗಿ' ಎಂದಷ್ಟೇ ಬರೆದು ಕಳಿಸಿದ್ದ. ಫೋನಿನಲ್ಲಿ ನನ್ನ ಜೊತೆ ಮಾತಾಡಿದವರು ಒಬ್ಬರು, ಅರ್ಜಿ ನೋಡಿ ಪಟ್ಟಿ ಮಾಡಿದವರು ಇನ್ನೊಬ್ಬರು. ಅಕ್ಕೋರು ಯಾರೆಂದು ಮರಾಠಿಯವರಿಗೆ ಗೊತ್ತಿಲ್ಲ. ಹಲಗಿ ಮಾತ್ರ ಚೆನ್ನಾಗಿ ಗೊತ್ತು. ಅವರಲ್ಲೂ ಅದು ಬಾರಿಸುವ ವಾದ್ಯವೇ. ಬೆಳಗಾವಿಯಿಂದ ಒಬ್ಬ ಅಕ್ಕ ಹಲಗಿ ಬಾರಿಸಲು ಬರುತ್ತಾಳೆ ಎಂದುಕೊಂಡು ಅವರು ಸಂತೋಷದಿಂದಲೇ ಜಾಗ ಕೊಟ್ಟಿದ್ದರು.

ಕೂಟ ನಡೆಸುತ್ತಿದ್ದ ದೇವಧರ ಬಾಯಿ ಅವರಿಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಬಹಳ ನೊಂದುಕೊಂಡರು. ಆದರೆ ಪಾಠಗಳ ವೇಳೆಯೆಲ್ಲ ತುಂಬಿದೆ, ಪತ್ರಿಕೆ ಅಚ್ಚಾಗಿದೆ, ನಡುವೆ ಯಾರಾದರೂ ಬಿಟ್ಟುಕೊಟ್ಟರೆ ನೋಡೋಣ ಎಂದರು. ಕೊನೆಗೆ ಅಳುಕುತ್ತ, ಹಲಗಿಯನ್ನಾದರೂ ಬಾರಿಸುತ್ತೀರಲ್ಲವೇ, ಎಲ್ಲರೂ ಕಾಯುತ್ತಿದ್ದಾರೆ, ಎಂದೂ ಕೇಳಿದರು. ಫೋನಿಟ್ಟು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಇಪ್ಪತ್ಮೂರು ಮಕ್ಕಳು ನಾಳೆ ಕೈಕಟ್ಟಿ ಫೋನಿನ ಮುಂದೆ ಕೂತಿರುತ್ತಾರೆ, ಅವರಿಗೆ ಏನು ಹೇಳಲಿ? ಅಣ್ಣನ ಮೇಲೆ ಹರಿಹಾಯ್ದೆ. ಅವನು ತಪ್ಪಾಯಿತು ಎನ್ನುವುದನ್ನು ಬಿಟ್ಟು, ನಿನ್ನ ಬ್ಲಾಗಿಗೆ ಇಡಾಕ ಬ್ಯಾರೆ ಹೆಸರ ಸಿಗಲಿಲ್ಲೇನು, ಅಂತ ನನ್ನನ್ನೇ ಕೇಳಿದ.

ವೈನಿ ಒಲೆಯ ಮುಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಗ್ಯಾಸು ಸಣ್ಣಗೆ ಮಾಡಿ ಹೊರಗೆ ಬಂದರು.

"ಐದು ಮಿನಿಟು ನಿಮ್ಮವs ಅವ ಅಲ್ಲರೀ. ಹಲಗಿ ಅಂತ ಬರದಾರ, ಹಲಗಿನs ತೋರಸ್ರಿ. ಯಾವ ಹಲಗಿ ಅಂತ ಅವರೇನ ಬರದಿಲ್ಲಲ್ಲ," ಅಂದರು.

ನನ್ನ ಅಳು ಅಲ್ಲೇ ನಿಂತಿತು. ಹತ್ತು ಗಂಟೆಗೆ ನಮ್ಮ ಶಾಲೆಯೂ ನಡೆಯುತ್ತಿರುತ್ತದೆ, ಮಕ್ಕಳೂ ಇರುತ್ತಾರೆ! ಆದರೆ ಬಾರಿಸುವ ಹಲಗಿಯ ಆಸೆಯಿಂದ ಕೂತ ಸಭೆಗೆ ಮೋಸವಾಗಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತರಗತಿಯಲ್ಲಿ ಒಂದೊಂದು ತಪ್ಪು ಸಿಕ್ಕಾಗ ಮಕ್ಕಳು ಬೆಂಚು ಗುದ್ದುತ್ತಾರಲ್ಲ, ಸಭೆಯಲ್ಲಿ ಅದರ ಬದಲು ನಿಜವಾದ ಹಲಗಿ ಬಾರಿಸಿದರೆ ಆಯಿತು. ಅಣ್ಣ ತನ್ನ ಪಾಪ ತೊಳೆದುಕೊಳ್ಳಲು ಪಕ್ಕದ ಗಲ್ಲಿಯ ಗಣಪತಿ ಮಂಡಳಿಗೆ ಓಡಿ ಒಂದು ಹಲಗಿ ಕೇಳಿ ತಂದ. ಶಾಲೆಯಲ್ಲಿ ನನ್ನ ತರಗತಿ ನೋಡಿಕೊಳ್ಳಲಿದ್ದ ಈರಣ್ಣ ಸರ್‌ಗೆ ಫೋನ್ ಮಾಡಿ, ಹನ್ನೊಂದಲ್ಲ, ಹತ್ತಕ್ಕೇ ಮಕ್ಕಳನ್ನು ಕೂಡಿಸಿರಿ ಎಂದೆ.

ಶನಿವಾರ ಬೆಳಿಗ್ಗೆ ಮಳೆ ಜಿಟಿಜಿಟಿ ಹಿಡಿದಿತ್ತು. ಥಂಡಿಗೆ ಹಲಗಿಯ ಚರ್ಮ ಸಡಿಲಾಗಿ, ಬಾರಿಸಿದರೆ ಹಸಿ ಕಂಬಳಿ ಬಡಿದ ಸದ್ದು ಬರುತ್ತಿತ್ತು. ವೈನಿ ಒಂದು ಒಲೆಯ ಮೇಲೆ ಉಪ್ಪಿಟ್ಟಿಗೆ ಇಟ್ಟು, ಇನ್ನೊಂದರ ಮೇಲೆ ಹಲಗಿಯನ್ನು ದೂರದಿಂದ ಕಾಯಿಸುತ್ತ, ಮೊದಲು ಯಾವುದು ಹತ್ತತದೋ ನೋಡೂಣು ಅಂದರು. ಎರಡೂ ಸರಿಯಾಗೇ ಬಂದವು.

ಕೂಟ ಇದ್ದದ್ದು ವಿಮಾನ ನಗರದ ಒಂದು ಶಾಲೆಯಲ್ಲಿ, ಧನಕವಡಿಯಿಂದ ಊರಿನ ಆ ತುದಿ. ಏಳೂಮುಕ್ಕಾಲಿಗೇ ನಾನು, ವೈನಿ ರಿಕ್ಷಾ ಹಿಡಿದೆವು. ಇನ್ನೂರ ಎಂಬತ್ತು ರೂಪಾಯಿ, ಒಂದೂಕಾಲು ತಾಸು. ಅದರಲ್ಲಿ ಅರ್ಧ ತಾಸು ಸಿಗ್ನಲ್ಲುಗಳಲ್ಲೇ ಹೋಯಿತು. ಹಲಗಿ ನನ್ನ ತೊಡೆಯ ಮೇಲೆ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಕೂತಿತ್ತು. ರಿಕ್ಷಾದವನು ಕನ್ನಡಿಯಲ್ಲಿ ನೋಡಿ ನೋಡಿ, ಕೊನೆಗೆ, ತಾಈ ಎಲ್ಲಿ ಬಾರಿಸುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ. ನಾನು ಟೀಚರು ಅಂದೆ. ಅವನು ಕನ್ನಡಿ ಸರಿಮಾಡಿಕೊಂಡು ಮತ್ತೆ ಹಲಗಿಯನ್ನೇ ನೋಡಿದ.

ಸಭಾಗೃಹದಲ್ಲಿ ಇನ್ನೂರು ಜನರಾದರೂ ಇದ್ದರು. ಪಠ್ಯಪುಸ್ತಕದ ಪುಟಪುಟಕ್ಕೂ ತಮ್ಮದೇ ವಿಡಿಯೋದ ಕ್ಯೂಆರ್ ಕೋಡ್ ಅಂಟಿಸಿದವರು, ನೆಟ್ ಇಲ್ಲದ ಊರಿನಲ್ಲಿ ಟ್ಯಾಬ್ಲೆಟ್ಟಿನಲ್ಲಿ ಗಣಿತ ಹೇಳುವವರು, ಎಲ್ಲರೂ ನಾನು ಓದಿ ಓದಿ ಮೆಚ್ಚಿದ ಬ್ಲಾಗುಗಳ ಒಡೆಯರು. ಅವರ ನಡುವೆ ನಾನು ಕಂಕುಳಲ್ಲಿ ಹಲಗಿ ಇಟ್ಟುಕೊಂಡು ನಿಂತಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತಿಥಿಗಳ ವಿಡಿಯೋಕ್ಕಾಗಿ ವೇದಿಕೆಯ ಮೇಲೆ ದೊಡ್ಡ ಪರದೆ ಇಳಿಬಿಟ್ಟಿದ್ದರು. ಅದನ್ನು ಕಂಡಾಗ ಜೀವ ಬಂತು. ಪರದೆ ನೋಡಿಕೊಳ್ಳುವವರಿಗೆ ನನ್ನ ತಂತಿ ಕೊಟ್ಟು ಜೋಡಿಸಿಕೊಂಡೆ.

ಹತ್ತು ಗಂಟೆ ಹದಿನೈದು ನಿಮಿಷಕ್ಕೆ ನನ್ನ ಹೆಸರು ಕರೆದರು. ಹಲಗಿ ಹಿಡಿದು ಹತ್ತಿದೆ, ಚಪ್ಪಾಳೆ ಬಿತ್ತು. ಗಡಿಯ ಕಡೆಯವಳಾದ್ದರಿಂದ ಮರಾಠಿ ನನಗೆ ನೀರು ಕುಡಿದಷ್ಟು ಸುಲಭ. ನನಗೆ ಹಲಗಿ ಬಾರಿಸಲು ಬರುವುದಿಲ್ಲ, ನಮ್ಮಲ್ಲಿ ಕರಿ ಬೋರ್ಡಿಗೂ ಹಲಗಿ ಅನ್ನುತ್ತಾರೆ, ಇವತ್ತು ಎರಡನ್ನೂ ಸೇರಿಸಿ ಬಾರಿಸುತ್ತೇನೆ, ತಪ್ಪು ಕಂಡವರು ಕೈಯೆತ್ತಿ ಎಂದೆ. ಕೆಲವರು ನಕ್ಕರು, ಕೆಲವರು ಗಡಿಯಾರ ನೋಡಿದರು.

ವೈನಿ ಒಂದು ಫೋನಿನಲ್ಲಿ ಶಾಲೆಗೆ ಕರೆ ಹಚ್ಚಿ ಮೈಕಿನ ಹತ್ತಿರ ಹಿಡಿದರು. ಬರೆಯುವ ಫೋನು ನನ್ನ ಕೈಯಲ್ಲಿತ್ತು. ಈರಣ್ಣ ಸರ್ ದನಿಯ ಹಿಂದೆ ಇಪ್ಪತ್ಮೂರು ದನಿಗಳು ಒಟ್ಟಿಗೇ ನಮಸ್ತೇರೀ ಅಂದವು, ಸಭಾಗೃಹ ತುಂಬಿತು. ಸಾವಕ್ಕ ತನ್ನ ಎಮ್ಮೆಯ ಸುದ್ದಿ ಹೇಳಿದಳು. ಎರಡು ಫೋನು ದಾಟಿ ಬಂದ ಮಾತನ್ನು ನಮ್ಮ ಇಪ್ಪತ್ನಾಲ್ಕನೇ ವಿದ್ಯಾರ್ಥಿ ಪರದೆಯ ಮೇಲೆ ಬರೆದ: 'ನಮ್ಮ ಹೆಮ್ಮೆ ಇದೆ'. ಹೇಳಿದ್ದೇನು, ಬರೆದಿದ್ದೇನು ಎಂದು ಮರಾಠಿಯಲ್ಲಿ ತಿಳಿಸಿದೆ. ಹಲಗಿಗೆ ಒಂದು ಏಟು ಹಾಕಿದೆ. ಆ ತುದಿಯಲ್ಲಿ ಮಕ್ಕಳೂ ಬೆಂಚು ಗುದ್ದಿದರು. ಸಾವಕ್ಕ ಅಕ್ಷರ ಅಕ್ಷರ ಬಿಡಿಸಿ ತಪ್ಪು ತಿದ್ದಿದಳು. ನಗು ಬಂತು, ಆದರೆ ಬೇರೆಯವರ ಭಾಷೆಯ ತಪ್ಪಿಗೆ ಮಂದಿ ಎಷ್ಟು ನಕ್ಕಾರು? ಮೂರು ನಿಮಿಷ ಉಳಿದಿತ್ತು.

ಆಗ ಫೋನಿನ ಭಾಷೆಯನ್ನು ಮರಾಠಿಗೆ ತಿರುಗಿಸಿದೆ. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ಹಿರಿಯ ಗುರೂಜಿ ಒಬ್ಬರು ಕೂತಿದ್ದರು, ಕೊಲ್ಹಾಪುರದ ಕಡೆಯ ಹಳ್ಳಿಯವರು ಎಂದು ಮಾತಿನಲ್ಲೇ ಗೊತ್ತಾಗಿತ್ತು. ಇದೇ ಸುದ್ದಿಯನ್ನು ನಿಮ್ಮ ತಾಯಿ ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿ ಎಂದು ಕೈಮುಗಿದೆ. ಅವರು ಸಂಕೋಚಪಟ್ಟರು. ಇಂಥ ಸಭೆಯಲ್ಲಿ ಅಂಥ ಮಾತೇ ಎಂದು ಆಚೀಚೆ ನೋಡಿದರು. ಆಮೇಲೆ ಎದ್ದು ನಿಂತು ಹೇಳಿಯೇಬಿಟ್ಟರು: "ಆಮ್ಚೀ ಮ್ಹಸ ಯಾಲೀ."

ಪರದೆಯ ಮೇಲೆ ಮೂಡಿತು: 'ಆಮ್ಚೀ ಬಸ್ ಆಲೀ'. ನಮ್ಮ ಎಮ್ಮೆ ಈದಿದೆ ಎಂದರೆ, ನಮ್ಮ ಬಸ್ಸು ಬಂತು ಎಂದು ಬರೆದಿತ್ತು.

ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೂರು ಕೈ ಮೇಲೆದ್ದವು. ನಾನು ಬಾರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಟೀಚರು ತನ್ನ ಊರಿನ ಮಾತು ಹೇಳಿದಳು, ಫೋನು ಎಡವಿತು, ಬಾರಿಸಿದೆ. ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಐದು ನಿಮಿಷ ಯಾವಾಗಲೋ ಮುಗಿದಿತ್ತು, ಯಾರೂ ಗಂಟೆ ಹೊಡೆಯಲಿಲ್ಲ. ಫೋನಿನ ಆ ತುದಿಯ ಮಕ್ಕಳು ಮರಾಠಿ ತಿಳಿಯದೆಯೂ ಪ್ರತಿ ಏಟಿಗೂ ಬೆಂಚು ಗುದ್ದಿ ತಾಳ ಹಾಕುತ್ತಿದ್ದರು. ನನಗೆ ಬಾರಿಸಲು ಬರುವುದಿಲ್ಲ ಎಂಬುದು ನನಗೇ ಮರೆತುಹೋಯಿತು. ಆ ಹೊತ್ತಿನಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಬಿಳಿ ಟೋಪಿಯ ಗುರೂಜಿ ಮಾತ್ರ ನಿಂತೇ ಇದ್ದರು. ಗದ್ದಲ ಇಳಿದ ಮೇಲೆ ಮೈಕು ಕೇಳಿ ತಗೊಂಡು ಮರಾಠಿಯಲ್ಲಿ ಹೇಳಿದರು: ಈ ಮಾತಿಗಾಗಿ ನಾನು ಮಕ್ಕಳ ಕೈಮೇಲೆ ಛಡಿಯಿಂದ ಹೊಡೆದಿದ್ದೇನೆ; ಮಧ್ಯಾಹ್ನ ನನ್ನ ಪಾಠದ ವೇಳೆ ಈ ತಾಈಗೆ ಕೊಡಿ. ಅಷ್ಟು ಹೇಳಿ ಕೂತರು. ಎರಡು ಗಂಟೆಗೆ ಅವರ ಮುಕ್ಕಾಲು ತಾಸು ನನ್ನದಾಯಿತು. ಅಷ್ಟೊತ್ತಿಗೆ ನಮ್ಮ ಮಕ್ಕಳು ಮನೆಗೆ ಹೋಗಿದ್ದರು. ಗುರೂಜಿಯೇ ವಿದ್ಯಾರ್ಥಿಯಾಗಿ ಕೆಂಪು ಪೆನ್ನು ಹಿಡಿದು ನಿಂತರು.

ಸಂಜೆ ಪ್ರಮಾಣಪತ್ರ ಹಂಚಿದರು. ನನ್ನದು ಮೊದಲೇ ಅಚ್ಚಾಗಿತ್ತು: ಉತ್ಕೃಷ್ಟ ಹಲಗಿ ವಾದನಕ್ಕಾಗಿ. ದೇವಧರ ಬಾಯಿ ಕೈ ಹಿಡಿದುಕೊಂಡು, ಬೇರೆ ಬರೆಸಿ ಅಂಚೆಯಲ್ಲಿ ಕಳಿಸುತ್ತೇನೆ ಎಂದರು. ಬೇಡ, ಇದರಲ್ಲಿ ತಪ್ಪೇನೂ ಇಲ್ಲ, ಎಂದೆ. ಅವರು ನಕ್ಕಾಗ ನಮ್ಮಿಬ್ಬರ ಕಣ್ಣೂ ತುಂಬಿದ್ದವು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕಾತ್ರಜದಲ್ಲಿ ಬಸ್ಸು ಹತ್ತಿದೆ. ಅಣ್ಣ ಪುಣೆಯ ಖಾರದ ತಿಂಡಿ ಬಾಕರವಡಿಯ ಎರಡು ಪೊಟ್ಟಣ ಕೊಟ್ಟ, ಒಂದು ನನಗೆ, ಒಂದು ಮಕ್ಕಳಿಗೆ. ವೈನಿ ಕಿಟಕಿಯ ಹತ್ತಿರ ಬಂದು, ಮುಂದಿನ ಸಲ ಅರ್ಜಿ ನಾನs ತುಂಬತೇನಿ, ಅಂದರು. ಬೇಡ, ಅಣ್ಣನೇ ತುಂಬಲಿ, ಅಂದೆ. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಇಬ್ಬರೂ ಒಂದೇ ಛತ್ರಿಯ ಕೆಳಗೆ ಜಗಳವಾಡುತ್ತ ನಿಂತಿದ್ದರು. ಕರಾಡದ ಹತ್ತಿರ ಫೋನು ತೆರೆದರೆ ಬ್ಲಾಗಿಗೆ ಮರಾಠಿಯಲ್ಲಿ ಸಾಲು ಸಾಲು ಪ್ರತಿಕ್ರಿಯೆಗಳು ಬಂದಿದ್ದವು. ಅವುಗಳ ನಡುವೆ ಕನ್ನಡದಲ್ಲಿ ಒಂದು, ತೊದಲು ಕಾಗುಣಿತದ್ದು: ಅಜ್ಜ ನಿಮ್ಮ ಹೆಸರು ಚೀಟಿಯಲ್ಲಿ ತಂದರು, ನಾನು ಫೋನಿಗೆ ಕನ್ನಡ ಕಲಿಸುತ್ತಿದ್ದೇನೆ.

ಸೋಮವಾರ ತರಗತಿಗೆ ಕಾಲಿಟ್ಟಾಗ ಬೆಂಚುಗಳ ಸದ್ದಿಗೆ ಹೆಡ್ ಮಾಸ್ತರರು ಓಡಿ ಬಂದರು. ನಾನು ಪ್ರಮಾಣಪತ್ರ ಕೊಟ್ಟೆ. ಅವರು ಎರಡು ಸಲ ಓದಿ, ತಾವೇ ಮೊಳೆ ತರಿಸಿ ಅದನ್ನು ಹಲಗಿಯ ಮೇಲ್ಗಡೆ ಗೋಡೆಗೆ ಹೊಡೆಸಿದರು. ಬಾಕರವಡಿ ಹಂಚಿದ ಮೇಲೆ ನಾನು ಮಕ್ಕಳನ್ನು ಕೇಳಿದೆ: ಇಪ್ಪತ್ನಾಲ್ಕನೇ ನಂಬರು ಪುಣೆಗೆ ಹೋಗಿ ಬಂದಿದೆ, ಇಷ್ಟು ಜನರಿಂದ ಪಾಠ ಹೇಳಿಸಿಕೊಂಡಿದೆ, ಈ ವರ್ಷ ಅದನ್ನು ಪಾಸು ಮಾಡೋಣವೇ?

ಸಾವಕ್ಕ ಕೈಯೆತ್ತದೆಯೇ ಎದ್ದು ನಿಂತಳು.

"ಬ್ಯಾಡ್ರಿ ಅಕ್ಕೋರ," ಅಂದಳು. "ಅದು ಪಾಸಾದ್ರ ನಾವು ಯಾರಿಗೆ ಕಲಸೂಣ್ರಿ?"

ಹಾಜರಿ ಪುಸ್ತಕ ತೆರೆದು ಒಂದರಿಂದ ಕೂಗತೊಡಗಿದೆ.